ಬಲಗೈ, ಎಡಗೈ ಮತ್ತು ತೊಂಬತ್ತೆಂಟು ಡಿಗ್ರಿ

ಶಾಲಾ ಅನುಭವ ಕಾರ್ಯಕ್ರಮಕ್ಕೆಂದು ನಾವು ಎಂಟು ಜನ ಪ್ರಶಿಕ್ಷಣಾರ್ಥಿಗಳು ಬಸವಕಲ್ಯಾಣದ ಒಂದು ಪ್ರೌಢಶಾಲೆಗೆ ಹೋದ ಮೊದಲ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಪರಿಚಯ ನಡೆಯಿತು. ನನ್ನ ಹೆಸರು ಕೇಳಿದ ಹಿರಿಯ ಶಿಕ್ಷಕಿಯೊಬ್ಬರು, "ಕ್ರಿಶ್ಚಿಯನ್ ಏನವ್ವಾ ನೀನು? ಹಂಗಾದ್ರ ಸುಳ್ಳ ಹೇಳಂಗಿಲ್ಲ ಬಿಡು" ಎಂದು ನಕ್ಕರು. ಪ್ರೀತಿಯಿಂದಲೇ ಹೇಳಿದ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಡಬ್ಬಿಯ ಜೋಳದ ರೊಟ್ಟಿ ಮುರಿಯುತ್ತಾ, ಈ ಮಾತನ್ನು ಉಳಿಸಿಕೊಳ್ಳುವುದು ಕಷ್ಟವೇನಲ್ಲ ಎಂದುಕೊಂಡೆ. ಮುಂದಿನ ಹದಿನಾರು ವಾರಗಳಲ್ಲಿ ಆ ಮಾತು ನನ್ನನ್ನು ಮೂರು ಸಲ ಅಡ್ಡಗಟ್ಟಿತು. ಆ ಮೂರೂ ಸಲದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೋಧನಾ ಕೌಶಲಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ಬರೆಯಬಲ್ಲದ್ದು ನಾನು ಎಡವಿದ ಜಾಗಗಳನ್ನು ಮಾತ್ರ.

ನನ್ನ ಊರು ಹುಮನಾಬಾದ್. ಬಸ್ಸು ಹೆದ್ದಾರಿಯಲ್ಲಿ ಬಂದು ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ಬಸವಕಲ್ಯಾಣ ಸೇರುತ್ತದೆ. ಬೆಳಿಗ್ಗೆ ಸೀಟು ಸಿಕ್ಕರೆ ಪಾಠಯೋಜನೆಯನ್ನು ಮತ್ತೊಮ್ಮೆ ಓದಿಕೊಳ್ಳುತ್ತಿದ್ದೆ, ಸಿಗದಿದ್ದರೆ ಚಾರ್ಟು ಮಡಚಿಹೋಗದಂತೆ ಎತ್ತಿ ಹಿಡಿದು ನಿಲ್ಲುತ್ತಿದ್ದೆ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಬೀದರ್ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆ ನಿಜಾಮರ ಕಾಲದಿಂದಲೂ ಇದೆ. ನಮ್ಮ ಮನೆತನ ಆ ಸಭೆಗೆ ಸೇರಿದ್ದು ಮುತ್ತಜ್ಜನ ಕಾಲದಲ್ಲಿ. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1743ರಲ್ಲಿ ತನ್ನ ಜನರಿಗೆ ಕೆಲವು ಸಾಮಾನ್ಯ ನಿಯಮಗಳನ್ನು ಬರೆದುಕೊಟ್ಟ. ಕೆಡುಕು ಮಾಡಬಾರದು, ಒಳ್ಳೆಯದು ಮಾಡಬೇಕು, ದೇವರ ಆರಾಧನೆ ಬಿಡಬಾರದು ಎಂಬ ಮೂರು ಮಾತು ಅದರ ತಿರುಳು. ಕೆಡುಕು ಯಾವುದು ಎಂದು ವಿವರಿಸುವಾಗ ಆತ ಜಗಳ, ಕುಡಿತಗಳ ಜೊತೆಗೆ ಸುಂಕ ತಪ್ಪಿಸಿ ತಂದ ಸರಕನ್ನು ಕೊಳ್ಳುವುದು ಮಾರುವುದನ್ನೂ, ವ್ಯಾಪಾರದಲ್ಲಿ ಅತಿಯಾಗಿ ಮಾತು ಬೆಳೆಸುವುದನ್ನೂ ಹೆಸರಿಸಿದ್ದಾನೆ. ಭಕ್ತಿಯ ಪುಸ್ತಕದಲ್ಲಿ ಅಂಗಡಿಯ ಮಾತು ಯಾಕೆ ಬಂತು ಎಂದು ಚಿಕ್ಕವಳಿದ್ದಾಗ ನನಗೆ ತಿಳಿಯುತ್ತಿರಲಿಲ್ಲ. ಅಪ್ಪ ತಕ್ಕಡಿ ಹಿಡಿಯುವುದನ್ನು ನೋಡಿ ನೋಡಿ ತಿಳಿಯಿತು. ಬೇಳೆ ಸುರಿದ ಕೂಡಲೇ ಪರಡಿ ಒಮ್ಮೆ ಜೋರಾಗಿ ಕೆಳಗಿಳಿಯುತ್ತದೆ. ಆಗಲೇ ಎತ್ತಿ ಚೀಲಕ್ಕೆ ಸುರಿದರೆ ಗಿರಾಕಿಗೆ ತೂಕ ಹೆಚ್ಚಾಗಿಯೇ ಕಾಣುತ್ತದೆ, ಬರುವುದು ಕಡಿಮೆ. ಅಪ್ಪ ಮುಳ್ಳು ನಿಲ್ಲುವ ತನಕ ಕಾಯುತ್ತಿದ್ದ. ಅಂಗಡಿಯಲ್ಲಿ ಎಷ್ಟೇ ಗದ್ದಲವಿದ್ದರೂ ಕಾಯುತ್ತಿದ್ದ. ಈಗ ಎಲೆಕ್ಟ್ರಾನಿಕ್ ಕಾಂಟಾ ಬಂದಿದೆ. ಆದರೂ ಅಂಕಿ ಸ್ಥಿರವಾಗುವವರೆಗೆ ಅಪ್ಪನ ಕೈ ಚೀಲಕ್ಕೆ ಹೋಗುವುದಿಲ್ಲ.

ಮೊದಲ ಕಥೆ ಒಂಬತ್ತನೇ ತರಗತಿಯ ವಿಜ್ಞಾನದ ಮೊದಲ ಅಧ್ಯಾಯದ್ದು. ದ್ರವ್ಯದ ಸ್ಥಿತಿಗಳು. ಬೀಕರಿನಲ್ಲಿ ನೀರು ಕಾಯಿಸಿ, ತಾಪಮಾಪಕ ಇಳಿಬಿಟ್ಟು, ನೀರು ಕುದಿಯುವಾಗಿನ ತಾಪವನ್ನು ಓದಿ ಬರೆದುಕೊಳ್ಳುವ ಚಟುವಟಿಕೆ. ಸ್ಪಿರಿಟ್ ಲ್ಯಾಂಪ್, ಸ್ಟ್ಯಾಂಡ್, ತಂತಿಬಲೆ ಎಲ್ಲವನ್ನೂ ಹಿಂದಿನ ದಿನವೇ ಹೊಂದಿಸಿಟ್ಟಿದ್ದೆ. ಪಾಠಯೋಜನೆಯ ಕೊನೆಯ ಕಾಲಂನಲ್ಲಿ "ನಿರೀಕ್ಷಿತ ಉತ್ತರ: 100 ಡಿಗ್ರಿ ಸೆಲ್ಸಿಯಸ್" ಎಂದು ಬರೆದೂ ಇಟ್ಟಿದ್ದೆ. ನೀರು ಕುದಿಯಿತು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದೆ. ಮೊದಲ ನಾಲ್ಕು ಜನ ತಾಪಮಾಪಕವನ್ನು ನೋಡಿದಂತೆ ಮಾಡಿ "ನೂರು" ಎಂದರು. ಐದನೆಯವಳು ಎರಡನೇ ಬೆಂಚಿನ ಹುಡುಗಿ. ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. "ತೊಂಬತ್ತೆಂಟು ಬರ್ಲಕತ್ತದ್ರಿ ಮೇಡಂ" ಎಂದಳು. ತರಗತಿ ಗೊಳ್ಳೆಂದಿತು.

ನಾನು ನೋಡಿದೆ. ತೊಂಬತ್ತೆಂಟೇ ಇತ್ತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಕುಳಿತಿದ್ದರು, ಅವರ ಕೈಯಲ್ಲಿ ನನ್ನ ಅವಲೋಕನ ಪತ್ರವಿತ್ತು. ಗಂಟೆ ಹೊಡೆಯಲು ಹನ್ನೆರಡು ನಿಮಿಷ ಉಳಿದಿತ್ತು. ನಾನು ಹೇಳಿದೆ: "ಈ ಥರ್ಮಾಮೀಟರ್ ಹಳೇದು, ಸರಿಯಿಲ್ಲ. ನೀವು ನೂರು ಅಂತ ಬರ್ಕೊಳ್ರಿ." ಎಲ್ಲರೂ ಬರೆದುಕೊಂಡರು. ಆ ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ರಬ್ಬರ್ ತೆಗೆದುಕೊಂಡು ಅಳಿಸಿದಳು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಅವಲೋಕನ ಪತ್ರದಲ್ಲಿ "ಪ್ರಯೋಗ ಪ್ರದರ್ಶನ ಉತ್ತಮ" ಎಂದಿತ್ತು.

ತಾಪಮಾಪಕ ಸರಿಯಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದ್ದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಅದು ಸುಳ್ಳು ಎಂದು ಕೂಡ ಅನ್ನಿಸಲಿಲ್ಲ. ಅನ್ನಿಸಿದ್ದು ರಾತ್ರಿ, ಮರುದಿನದ ಪಾಠಕ್ಕಾಗಿ ಪಠ್ಯಪುಸ್ತಕ ತೆರೆದಾಗ. ಕುದಿಯುವ ಬಿಂದುವಿನ ವ್ಯಾಖ್ಯೆಯಲ್ಲಿ ವಾತಾವರಣದ ಒತ್ತಡದ ಮಾತು ಇತ್ತು. ಕಪ್ಪುಹಲಗೆಯ ಮೇಲೆ ಬರೆಯುವಾಗ, ಮಕ್ಕಳಿಗೆ ಹಗುರವಾಗಲೆಂದು ಅದನ್ನೇ ಬಿಟ್ಟಿದ್ದೆ. ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದ ಒತ್ತಡದಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಕುದಿಯುವ ಬಿಂದುವೂ ತಗ್ಗುತ್ತದೆ. ಬಸವಕಲ್ಯಾಣ, ಹುಮನಾಬಾದ್ ಎರಡೂ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿವೆ. ಲೆಕ್ಕ ಹಾಕಿದರೆ ನಮ್ಮ ಊರಿನಲ್ಲಿ ನೀರು ಕುದಿಯಬೇಕಾದದ್ದು 98 ಡಿಗ್ರಿಯ ಆಸುಪಾಸಿನಲ್ಲೇ. ಪುಸ್ತಕವೂ ಸರಿಯಿತ್ತು, ತಾಪಮಾಪಕವೂ ಸರಿಯಿತ್ತು, ಹುಡುಗಿಯೂ ಸರಿಯಿದ್ದಳು. ತಪ್ಪಿದ್ದು ನಾನೊಬ್ಬಳೇ. ಬಿ.ಎಸ್ಸಿ. ಮುಗಿಸಿದ ನನಗೆ ಇದು ತಿಳಿಯದ ವಿಷಯವೂ ಆಗಿರಲಿಲ್ಲ. ಗಂಟೆ ಹೊಡೆಯುವ ಭಯದಲ್ಲಿ ನೆನಪಾಗಲಿಲ್ಲ, ಅಷ್ಟೇ.

ಸುಮ್ಮನಿರಲು ನನ್ನ ಬಳಿ ಒಳ್ಳೆಯ ಕಾರಣಗಳಿದ್ದವು. ಪಾಠ ಮುಗಿದಿದೆ, ಅಂಕ ಬಂದಿದೆ. ಪರೀಕ್ಷೆಯಲ್ಲಿ ಕೇಳುವುದು ನೂರನ್ನೇ. ಮೇಡಂಗೆ ವಿಷಯವೇ ಬರುವುದಿಲ್ಲ ಎಂದು ಮಕ್ಕಳು ಅಂದುಕೊಂಡರೆ ಉಳಿದ ವಾರಗಳಲ್ಲಿ ತರಗತಿ ಕೈಗೆ ಸಿಗುವುದಿಲ್ಲ. ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ವಾತಾವರಣದ ಒತ್ತಡ ತಿಳಿಯದು. "ಯವ್ವಾ, ಆ ಹುಡುಗಿ ಖರೇ ಹೇಳಿದ್ಳು, ಹೌದಿಲ್ಲ?" ಎಂದು ಕೇಳಿದ. ಹೌದು ಎಂದೆ. "ಮತ್ತ ಆಕಿ ಅದನ್ನ ಅಳಿಸ್ಯಾಳ. ನೀ ಅಳಿಸ್ಸಿದಿ." ಅಷ್ಟೇ ಹೇಳಿ ಕೈತೊಳೆಯಲು ಎದ್ದ.

ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದಲ್ಲಿ ಆಣೆಯ ವಿಷಯ ಬರುತ್ತದೆ. ಆಣೆ ಇಟ್ಟು ಹೇಳಬೇಕಾದ ಅಗತ್ಯವೇ ಬೀಳದಂತೆ ಬದುಕಿ, ನಿಮ್ಮ ಹೌದು ಹೌದಾಗಿರಲಿ, ಅಲ್ಲ ಎಂಬುದು ಅಲ್ಲವಾಗಿಯೇ ಇರಲಿ ಎಂಬುದು ಅದರ ಸಾರ. ಭಾನುವಾರದ ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತವರಿಗೆ ಹೇಳಿದ ಮಾತು ಎಂದು ತಿಳಿದಿದ್ದೆ. ತೊಂಬತ್ತೆಂಟನ್ನು ತೊಂಬತ್ತೆಂಟು ಎನ್ನಬೇಕೆಂಬುದೂ ಅದರಲ್ಲಿ ಸೇರಿದೆ ಎಂದು ಆ ರಾತ್ರಿ ಹೊಳೆಯಿತು.

ಮರುದಿನ ತರಗತಿಗೆ ಹೋಗಿ ಮೊದಲು ಹೇಳಿದ್ದು ಅದನ್ನೇ. "ನಿನ್ನೆ ನಾನು ತಪ್ಪು ಹೇಳಿದೆ. ಥರ್ಮಾಮೀಟರ್ ಕೆಟ್ಟದ ಅಂತ ನನಗ ಗೊತ್ತಿರ್ಲಿಲ್ಲ, ಸುಮ್ನ ಅಂದೆ. ನಿಮ್ಮ ಗೆಳತಿ ಓದಿದ್ದೇ ಸರಿ." ತರಗತಿ ಮೌನವಾಯಿತು. ನನ್ನ ಮೊಣಕಾಲು ನಡುಗುತ್ತಿತ್ತು. ಆಮೇಲೆ ಇನ್ನೊಂದು ತಾಪಮಾಪಕ ತರಿಸಿ ಪ್ರಯೋಗವನ್ನು ಪುನಃ ಮಾಡಿದೆವು. ಒಂದರಲ್ಲಿ 98, ಇನ್ನೊಂದರಲ್ಲಿ 97.5. ಎರಡರ ನಡುವೆ ಅರ್ಧ ಡಿಗ್ರಿ ವ್ಯತ್ಯಾಸ ಯಾಕೆ ಎಂದು ಮಕ್ಕಳೇ ಕೇಳಿದರು. ಉಪಕರಣದ ದೋಷ ಎಂದರೇನು, ಅದನ್ನು ಅನುಮಾನಿಸುವ ಸರಿಯಾದ ರೀತಿ ಯಾವುದು ಎಂಬ ಮಾತು ಆಗ ಬಂತು. ಕೊಡೈಕೆನಾಲಿನಲ್ಲಿ ಅನ್ನ ಬೇಯಲು ಹೊತ್ತು ಯಾಕೆ ಬೇಕು, ಕುಕ್ಕರಿನಲ್ಲಿ ಯಾಕೆ ಬೇಗ ಬೇಯುತ್ತದೆ ಎಂಬಲ್ಲಿಗೆ ಚರ್ಚೆ ಮುಟ್ಟಿತು. ನನ್ನ ಯೋಜನೆಯಲ್ಲಿ ಇವು ಯಾವುವೂ ಇರಲಿಲ್ಲ. ಆ ವಾರ ನಾನು ಒಂದು ಪಾಠ ಹಿಂದೆ ಬಿದ್ದೆ.

ಗಂಟೆಯ ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮೇಡಂ, ಇದು ಆಯ್ದಕ್ಕಿ ಲಕ್ಕಮ್ಮನ ಕಥಿ ಇದ್ದಂಗದ" ಎಂದ. ಕಲ್ಯಾಣದ ಮಕ್ಕಳಿಗೆ ಶರಣರು ಪಕ್ಕದ ಓಣಿಯವರಿದ್ದಂತೆ. ಮಾರಯ್ಯ ದಿನವೂ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ, ಅದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಹುಡುಗ ಕಥೆ ಹೇಳಿ, "ಹೆಚ್ಚಿಂದು ಎರಡು ಡಿಗ್ರಿ ವಾಪಸ್ ಹಾಕೀರಿ ನೀವು" ಎಂದ. ಎಲ್ಲರೂ ನಕ್ಕರು. ನನಗೆ ಲೂಕನ ಸುವಾರ್ತೆಯ ಸುಂಕದವನ ಕಥೆ ನೆನಪಾಯಿತು. ಗಿಡ್ಡ ಆಳು ಜಕ್ಕಾಯ ಮರ ಹತ್ತಿ ಯೇಸುವನ್ನು ನೋಡಿದ, ಆಮೇಲೆ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಆ ಕಥೆಯನ್ನು ನಾನು ತರಗತಿಯಲ್ಲಿ ಹೇಳಲಿಲ್ಲ. ಸರ್ಕಾರದ ಹಣದಿಂದಲೇ ಪೂರ್ತಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ವಿಜ್ಞಾನ ಶಿಕ್ಷಕಿಯ ಕುರ್ಚಿ ನನಗೆ ಕೊಟ್ಟದ್ದು ವಿಜ್ಞಾನ ಕಲಿಸಲು. ನನ್ನ ವಿಶ್ವಾಸಕ್ಕೆ ಅಲ್ಲಿ ಇರುವ ಜಾಗ ಒಂದೇ. ನಾನು ಬರೆಯುವ ಅಂಕಿ ಖರೇ ಇರಬೇಕು. 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕರ ಕರ್ತವ್ಯ ಎಂದಿದೆ. ಆ ಕರ್ತವ್ಯವೂ ನನ್ನ ಸಭೆ ಕಲಿಸಿದ್ದೂ ಆ ಬೀಕರಿನ ಮುಂದೆ ಒಂದೇ ಆಗಿದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಚೆಂದದ ಕಥೆ. ಆದರೆ ಎರಡನೆಯದನ್ನು ಹೇಳದಿದ್ದರೆ ಮೊದಲನೆಯದೂ ಸುಳ್ಳಾಗುತ್ತದೆ.

ಸಹಪಾಠಿಗಳ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ, ಅವಲೋಕನ ದಾಖಲೆ ಬರೆಯಬೇಕೆಂಬುದು ನಮಗೆಲ್ಲ ಗೊತ್ತು. ತೊಂಬತ್ತೆಂಟರ ಪ್ರಸಂಗ ನಡೆದ ತಿಂಗಳಲ್ಲೇ ನಾನು ನಾಲ್ಕು ಪಾಠಗಳ ಅವಲೋಕನವನ್ನು ಆ ಪಾಠಗಳಿಗೆ ಹೋಗದೆಯೇ ಬರೆದಿದ್ದೆ. ಗೆಳತಿಯ ಪಾಠಯೋಜನೆಯನ್ನು ಮುಂದಿಟ್ಟುಕೊಂಡು "ಪೀಠಿಕೆ ಆಕರ್ಷಕವಾಗಿತ್ತು, ಕಪ್ಪುಹಲಗೆಯ ಬಳಕೆ ಇನ್ನೂ ಸುಧಾರಿಸಬೇಕು" ಎಂದು ತುಂಬಿಸಿದ್ದೆ. ಅವಳೂ ನನ್ನ ಮೂರನ್ನು ಹಾಗೆಯೇ ಬರೆದಿದ್ದಳು. ಇದನ್ನು ಯಾರೂ ಸುಳ್ಳೆಂದು ಕರೆಯುವುದಿಲ್ಲ, "ರೆಕಾರ್ಡ್ ಕಂಪ್ಲೀಟ್ ಮಾಡೋದು" ಎನ್ನುತ್ತಾರೆ. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು ಹಗುರಾಗಿದ್ದ ನನಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ. ದಾಖಲೆಗೆ ಸಹಿ ಹಾಕಿಸಲು ಹೋಗುವ ಹಿಂದಿನ ದಿನ ಪುಟ ತಿರುವುತ್ತಿದ್ದಾಗ, ನಾನು ಹುಮನಾಬಾದಿನಲ್ಲಿ ಜ್ವರ ಬಂದು ಮಲಗಿದ್ದ ದಿನಾಂಕವನ್ನು ಅದರಲ್ಲಿ ಕಂಡೆ. ಆ ದಿನ ನಾನು ಬಸವಕಲ್ಯಾಣದಲ್ಲಿ ಕುಳಿತು "ಧ್ವನಿ ಸ್ಪಷ್ಟವಾಗಿತ್ತು" ಎಂದು ಬರೆದಿದ್ದೆ!

ನಮ್ಮ ಮಾರ್ಗದರ್ಶಕ ಉಪನ್ಯಾಸಕರಲ್ಲಿಗೆ ಹೋಗಿ ಹೇಳಿದೆ. ಗೆಳತಿಯ ಹೆಸರು ಹೇಳಲಿಲ್ಲ. ಅವಳ ಲೆಕ್ಕ ಅವಳದು. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಆ ನಾಲ್ಕು ಪುಟಗಳಿಗೆ ಅಡ್ಡಗೆರೆ ಎಳೆದು, "ಇನ್ನೂ ಹತ್ತು ದಿನ ಇದಾವ, ನಾಲ್ಕು ಪಾಠ ಕೂತು ನೋಡಿ ಬರೀರಿ" ಎಂದರಷ್ಟೇ. ಹಾಗೆ ಕುಳಿತು ನೋಡಿದ ನಾಲ್ಕರಲ್ಲಿ ಒಂದು ಆ ಗೆಳತಿಯದೇ ಗಣಿತದ ಪಾಠ. ಮಗು ತಪ್ಪು ಉತ್ತರ ಕೊಟ್ಟಾಗ ಅವಳು "ತಪ್ಪು" ಎನ್ನದೆ, "ಹೆಂಗ ಬಂತು ಹೇಳು ನೋಡೋಣ" ಎಂದು ಸೀಮೆಸುಣ್ಣವನ್ನು ಮಗುವಿನ ಕೈಗೇ ಕೊಡುತ್ತಿದ್ದಳು. ಎರಡು ತಿಂಗಳು ಪಕ್ಕದಲ್ಲೇ ಊಟ ಮಾಡಿದರೂ ಅವಳಲ್ಲಿ ಈ ಕಲೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ಪುಟ ಅವಳಿಗೆ "ಪ್ರಶ್ನಿಸುವ ಕೌಶಲ ಸಾಧಾರಣ" ಎಂದು ಬರೆದಿತ್ತು.

ಮೂರನೆಯದು ಅಂತಿಮ ಪಾಠ. ಪರೀಕ್ಷಕರು ಬಂದು ಕೂರುವ ಪಾಠವನ್ನು ಅದೇ ಮಕ್ಕಳ ಮುಂದೆ ಎರಡು ಮೂರು ಸಲ ಮೊದಲೇ ಮಾಡಿಸುವುದು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತಬೇಕೆಂದು ಹೇಳಿಕೊಡುವುದು ನಮ್ಮಲ್ಲಿ ಎಷ್ಟೋ ಜನರಿಗೆ ಹಿರಿಯರಿಂದ ಬಂದ ವಿದ್ಯೆ. ಎಲ್ಲ ಕೈಗಳೂ ಮೇಲೆ, ನೋಡಲು ಹಬ್ಬ. ನಮ್ಮ ಗುಂಪಿನಲ್ಲೂ ಆ ಮಾತು ಬಂತು. ನಾನು ಮಾಡುವುದಿಲ್ಲ ಎಂದೆ. ಒಬ್ಬ ಗೆಳೆಯ ಸಿಟ್ಟಿನಿಂದಲ್ಲ, ನೋವಿನಿಂದ ಹೇಳಿದ: "ನಿನಗ ಅಂಕ ಕಮ್ಮಿ ಬಂದ್ರ ಅಪ್ಪನ ಅಂಗಡಿ ಅದ. ನನಗ ಮನಿಯಾಗ ನಾಲ್ಕು ಜನ ಕಾಯ್ಲಕತ್ತಾರ. ನಿಮ್ಮ ಯೇಸು ನಿನಗ ಸುಲಭ ಮಾಡ್ಯಾನ."

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ, ವಾದಕ್ಕಲ್ಲ. ನಮ್ಮ ಭಾಗದ ಹಲವು ಕ್ರೈಸ್ತ ಮನೆತನಗಳು ದಲಿತ ಓಣಿಗಳಿಂದ ಬಂದವು, ನಮ್ಮದೂ ಹಾಗೆಯೇ. ಪರಿಶಿಷ್ಟ ಜಾತಿಗಳನ್ನು ಗುರುತಿಸುವ 1950ರ ಆದೇಶ ಹಿಂದೂಗಳಿಗೆ ಅನ್ವಯಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರಾದವರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅಂಥವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಓಣಿ ಬದಲಾಗಲಿಲ್ಲ, ನೀರು ಕೊಡುವ ಕೈ ಬದಲಾಗಲಿಲ್ಲ, ಕಾಗದ ಮಾತ್ರ ಬದಲಾಯಿತು. ಹಾಗಾಗಿ ಭಾನುವಾರ ಸಭೆಗೆ ಬಂದು, ಶಾಲೆಯ ದಾಖಲಾತಿಯಲ್ಲಿ ಹಳೆಯ ಧರ್ಮವನ್ನೇ ಉಳಿಸಿಕೊಂಡ ಮನೆಗಳು ನಮ್ಮಲ್ಲಿ ಇವೆ. ಅಪ್ಪ ನನ್ನನ್ನು ಶಾಲೆಗೆ ಸೇರಿಸುವಾಗ "ಕ್ರೈಸ್ತ" ಎಂದೇ ಬರೆಸಿದ. ಅದರ ಬೆಲೆಯನ್ನು ನಾವು ಶುಲ್ಕ ಕಟ್ಟುವಾಗಲೆಲ್ಲ ತೆತ್ತೆವು. ಬಿ.ಎಸ್ಸಿ. ಆದ ಮೇಲೆ ಎರಡು ವರ್ಷ ಟ್ಯೂಷನ್ ಹೇಳಿ ದುಡ್ಡು ಕೂಡಿಸಿ ನಾನು ಬಿ.ಎಡ್.ಗೆ ಬಂದದ್ದು ಅದಕ್ಕೇ. ಆದರೂ ಬೇರೆ ರೀತಿ ಬರೆಸಿದವರನ್ನು ಅಪ್ಪ ಒಮ್ಮೆಯೂ ಹಗುರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಎರಡೂ ಕಡೆಯಿಂದ ಹಿಂಡುವ ಕಾಲಂನ ಮುಂದೆ ನಿಂತ ಬಡವನಿಗೆ ಪ್ರಾಮಾಣಿಕತೆಯ ಪಾಠ ಹೇಳುವುದು ಸುಲಭ, ಆ ಕಾಲಂ ತುಂಬುವುದು ಕಷ್ಟ. ನನ್ನ ಗೆಳೆಯನ ಮಾತು ಅರ್ಧ ಖರೇ. ಸುಲಭವಾಗಿರಲಿಲ್ಲ, ಆದರೆ ಅವನಿಗಿಂತ ನನಗೆ ಹಗುರವಿತ್ತು. ಅದಕ್ಕೇ ನಾನು ನನ್ನ ಪಾಠದ ಮಟ್ಟಿಗೆ ನಿರ್ಧರಿಸಿದೆ, ಅವರ ಪಾಠದ ಬಗ್ಗೆ ಯಾರಿಗೂ ದೂರಲಿಲ್ಲ.

ನನ್ನ ಅಂತಿಮ ಪಾಠ ಆವಿಯಾಗುವಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು. ಅಭ್ಯಾಸ ಮಾಡಿಸದ ತರಗತಿ. ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಎಂದು ಕೇಳಿದೆ. ಎದ್ದದ್ದು ನಾಲ್ಕು ಕೈ. ಒಬ್ಬ ಹುಡುಗ, "ಮಣ್ಣು ತಣ್ಣಗಿರ್ತದ್ರಿ, ಅದಕ" ಎಂದ. ಮೂವರು ಹೌದೆಂದರು. ಪರೀಕ್ಷಕರು ಏನೋ ಬರೆದುಕೊಂಡರು. ಗೆಳತಿಯಿಂದ ಕಲಿತದ್ದನ್ನು ಮಾಡಿದೆ. "ಹೆಂಗ ನೋಡಿ ಹೇಳ್ತೀ?" ಎಂದೆ. ಅಂಗಳದಲ್ಲಿ ಬಿಸಿಲಿಗೆ ಬಿದ್ದ ಒಣ ಮಡಕೆಯ ಚೂರು ತಂದು ಮುಟ್ಟಿಸಿದೆ, ಬೆಚ್ಚಗಿತ್ತು. ಅದರ ಮೇಲೆ ನೀರು ಸವರಿ, ರಟ್ಟಿನಿಂದ ಬೀಸಿ, ಮತ್ತೆ ಮುಟ್ಟಿಸಿದೆ. ಹುಡುಗನ ಹುಬ್ಬು ಮೇಲೇರಿದ್ದನ್ನು ನೋಡಿದೆ. ಆದರೆ ಅದಕ್ಕೆ ಎಂಟು ನಿಮಿಷ ಹೋಯಿತು. ಆರ್ದ್ರತೆಯ ಅಂಶಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳು ಚಾರ್ಟಿನಲ್ಲೇ ಉಳಿದವು. "ಸಮಯ ನಿರ್ವಹಣೆ ಸುಧಾರಿಸಬೇಕು" ಎಂದು ಷರಾ ಬಂತು. ಆ ಷರಾ ನ್ಯಾಯವಾದದ್ದೇ. ಗುಂಪಿನ ಎಂಟು ಜನರಲ್ಲಿ ನನ್ನ ಅಂಕ ಆರನೆಯದು. ಬಲಗೈ ಎಡಗೈ ಮಾಡಿಸಿದ ಗೆಳೆಯನದು ನನಗಿಂತ ಹೆಚ್ಚು. ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಅಳು ಬಂತು. ದೇವರು ಮೆಚ್ಚಿದ ಎಂಬ ಸಮಾಧಾನ ಕೂಡಲೇ ಬರಲಿಲ್ಲ, ಬಂತೆಂದು ಬರೆದರೆ ಅದು ಐದನೇ ಸುಳ್ಳು ಅವಲೋಕನವಾದೀತು.

ಆಮೇಲೆ ನಿಧಾನವಾಗಿ ತಿಳಿದದ್ದು ಇಷ್ಟು. ಎಲ್ಲ ಕೈಗಳೂ ಮೇಲಿದ್ದಿದ್ದರೆ ಮಣ್ಣೇ ತಣ್ಣಗಿರುತ್ತದೆ ಎಂದು ನಂಬಿದ ಆ ಹುಡುಗ ಎಡಗೈ ಎತ್ತಿ ಕುಳಿತಿರುತ್ತಿದ್ದ. ಅವನ ನಂಬಿಕೆ ಅವನೊಂದಿಗೇ ಮನೆಗೆ ಹೋಗುತ್ತಿತ್ತು. ಸುಳ್ಳು ಹೇಳಿದರೆ ಪರೀಕ್ಷಕರಿಗೆ ಮೋಸವಾಗುತ್ತದೆ ಎಂದುಕೊಂಡಿದ್ದೆ. ನಿಜವಾಗಿ ಮೋಸವಾಗುವುದು ಎಡಗೈ ಎತ್ತಿದ ಮಗುವಿಗೆ.

ನನ್ನ ಕಿರಿಯ ಪ್ರಶಿಕ್ಷಣಾರ್ಥಿಗಳಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಮಾಡಿ ನೋಡಿದ ಎರಡು ಮೂರು ಸಂಗತಿಗಳನ್ನಷ್ಟೇ ಹೇಳುತ್ತೇನೆ. ಪಾಠಯೋಜನೆಯ "ನಿರೀಕ್ಷಿತ ಉತ್ತರ"ದ ಪಕ್ಕದಲ್ಲಿ ಒಂದು ಖಾಲಿ ಕಾಲಂ ಬಿಟ್ಟುಕೊಳ್ಳಿ, ತರಗತಿಯಲ್ಲಿ ನಿಜವಾಗಿ ಬಂದ ಉತ್ತರವನ್ನು ಅದೇ ದಿನ ಅಲ್ಲಿ ಬರೆಯಿರಿ. ಪ್ರಯೋಗವನ್ನು ಹಿಂದಿನ ದಿನ ಒಮ್ಮೆ ಮಾಡಿ ನೋಡಿ. ನಾನು ಉಪಕರಣ ಹೊಂದಿಸಿದ್ದೆ, ನೀರು ಕುದಿಸಿ ನೋಡಿರಲಿಲ್ಲ. ಗೊತ್ತಿಲ್ಲದಾಗ "ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಎನ್ನಿ, ಮತ್ತು ನಾಳೆ ಹೇಳಿ. ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ: ಅಂತಿಮ ಪಾಠದಲ್ಲಿ ಮಗುವಿನ ತಪ್ಪು ಉತ್ತರವನ್ನು ಪ್ರಶಿಕ್ಷಣಾರ್ಥಿ ಹೇಗೆ ಎದುರಿಸಿದರು ಎಂಬುದಕ್ಕೂ ಒಂದಿಷ್ಟು ಅಂಕ ಇಟ್ಟರೆ, ಎಡಗೈಯ ವಿದ್ಯೆ ತಾನಾಗಿ ಕಡಿಮೆಯಾದೀತು.

ಶಾಲೆ ಬಿಡುವ ದಿನ ಮಕ್ಕಳು ನೋಟ್‌ಬುಕ್ಕುಗಳಲ್ಲಿ ಹಸ್ತಾಕ್ಷರ ಕೇಳಿದರು. ಎರಡನೇ ಬೆಂಚಿನ ಹುಡುಗಿ ತನ್ನ ವಿಜ್ಞಾನದ ಪುಸ್ತಕವನ್ನೇ ತಂದಳು. ಪುಟ ತೆರೆದಾಗ ರಬ್ಬರ್ ಉಜ್ಜಿದ ಕಲೆ ಇನ್ನೂ ಕಾಣುತ್ತಿತ್ತು. ಅದರ ಮೇಲೆ ಪೆನ್ನಿನಲ್ಲಿ, ಅಳಿಸಲು ಬಾರದಂತೆ ಬರೆದಿದ್ದಳು: "ನೀರಿನ ಕುದಿಯುವ ಬಿಂದು 98 ಡಿಗ್ರಿ, ಬಸವಕಲ್ಯಾಣದಲ್ಲಿ." ನಾನು ಅದರ ಕೆಳಗೆ ಸಹಿ ಮಾಡಿ ದಿನಾಂಕ ಹಾಕಿದೆ. ಆ ದಿನ ನಾನು ಅಲ್ಲೇ ಇದ್ದೆ.